ಹಕ್ಕಿಗೆ ಗದ್ದೆ, ಗದ್ದೆಯವನಿಗೆ?

ಮೈಸೂರಿನಲ್ಲಿ ಹಕ್ಕಿ ನೋಡುವವರಿಗೆ ಬರವಿಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ಹೊತ್ತು ಕೊರಳಿಗೆ ಬೈನಾಕ್ಯುಲರ್ ನೇತುಹಾಕಿಕೊಂಡು ನಿಂತವರನ್ನು ಈಗ ಯಾರೂ ತಿರುಗಿ ನೋಡುವುದಿಲ್ಲ. 2014ರಿಂದ 2016ರವರೆಗೆ ಇಲ್ಲಿನ ಹವ್ಯಾಸಿಗಳು ನಗರವನ್ನು ಚೌಕ ಚೌಕವಾಗಿ ಹಂಚಿಕೊಂಡು ಸುತ್ತಿ, ಎಲ್ಲಿ ಯಾವ ಹಕ್ಕಿ ಇದೆ ಎಂದು ನಕ್ಷೆಯನ್ನೇ ಮಾಡಿದರು. ಅಷ್ಟಕ್ಕೆ ತಣಿಯದವರು, ಕೈಯಲ್ಲಿ ನಾಲ್ಕು ಕಾಸು ಇದ್ದವರು, ವಿಮಾನ ಹತ್ತುತ್ತಾರೆ. ಕೀನ್ಯಾ, ಶ್ರೀಲಂಕಾ ಮುಗಿದು ಈಗ ಮೆಡಿಟರೇನಿಯನ್ ತೀರದ ಸರದಿ.

ಹೋಗಬಾರದೆಂದು ಹೇಳುತ್ತಿಲ್ಲ. ಸ್ಪೇನಿನ ದಕ್ಷಿಣ ತುದಿಯ ಜಿಬ್ರಾಲ್ಟರ್ ಜಲಸಂಧಿ ಅತಿ ಕಿರಿದಾದ ಕಡೆ ಬರೀ 14 ಕಿಲೋಮೀಟರ್. ಬಿಸಿಗಾಳಿಯ ಮೇಲೆ ತೇಲಿಕೊಂಡು ಸಾಗುವ ಕೊಕ್ಕರೆ, ಹದ್ದುಗಳಿಗೆ ಕಡಲ ಮೇಲೆ ಆ ಗಾಳಿ ಸಿಗದು. ಹಾಗಾಗಿ ಯುರೋಪಿಗೂ ಆಫ್ರಿಕಕ್ಕೂ ನಡುವೆ ಓಡಾಡುವ ಹಕ್ಕಿಗಳು ಅಲ್ಲಿಗೇ ಬಂದು, ಗಾಳಿ ಕೂಡಿಬರಲೆಂದು ಕಾದು, ದಾಟುತ್ತವೆ. ಅದನ್ನು ಕಣ್ಣಾರೆ ನೋಡುವ ಆಸೆ ಯಾರಿಗಿಲ್ಲ? ಆದರೆ ಹೋಗಿಬಂದವರು ಅಲ್ಲಿ ಕಂಡ ಹಕ್ಕಿಗಳ ಪಟ್ಟಿಯಲ್ಲಿ ಚಂದ್ರಮುಕುಟ, ಮೆಟ್ಟುಗಾಲು ಹಕ್ಕಿ, ಬೆಳ್ಳಕ್ಕಿ, ಮಿಂಚು ಕೆಂಬರಲು ಎಂದೆಲ್ಲ ಇದ್ದರೆ ನಗು ಬರದೆ ಇರದು. ಇವೆಲ್ಲ ನಮ್ಮ ಕೆರೆ ಬಯಲಲ್ಲೇ ಸಿಗುತ್ತವೆ, ಪಾಸ್‌ಪೋರ್ಟ್ ಬೇಡ.

ಅದಕ್ಕಿಂತ ದೊಡ್ಡ ಸೋಜಿಗ ಮೈಸೂರಿಂದ ಬಸ್ಸಿನ ದೂರದಲ್ಲಿದೆ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಬೂದು ಬಣ್ಣದ ಮೈ, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆ ಮರಿಮಾಡಿ, ಹಿಮಾಲಯ ದಾಟಿ ಬರುವ ಜೀವಗಳು. ಇವು 7,000 ಮೀಟರಿಗೂ ಮಿಕ್ಕ ಎತ್ತರದಲ್ಲಿ ಹಾರುವುದನ್ನು ವಿಜ್ಞಾನಿಗಳು ಉಪಕರಣ ಕಟ್ಟಿ ದಾಖಲಿಸಿದ್ದಾರೆ. ಮಂಗೋಲಿಯಾದಲ್ಲಿ ಕೊರಳಿಗೆ ಸಂಖ್ಯೆಯ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಮೈಸೂರು ಅರಸುಮನೆತನದ ಮೂಲಪುರುಷ ಯದುರಾಯನೂ ಉತ್ತರದ ದ್ವಾರಕೆಯಿಂದ ಬಂದು ಹಿಂದೆ ಹದಿನಾಡು ಎನಿಸಿದ್ದ ಇದೇ ಹದಿನಾರಿನಲ್ಲಿ ನೆಲೆನಿಂತ ಎಂಬುದು ಐತಿಹ್ಯ. ದೂರದವರನ್ನು ಬರಮಾಡಿಕೊಳ್ಳುವುದು ಈ ಊರಿಗೆ ಹೊಸದಲ್ಲ.

ಹೆಬ್ಬಾತುಗಳು ಇಲ್ಲಿ ಮಾಡುವುದೇನು? ಹಗಲೆಲ್ಲ ಕೆರೆಯ ನೀರಲ್ಲಿ, ದಂಡೆಯಲ್ಲಿ ವಿಶ್ರಾಂತಿ. ಮೇಯಲು ಹೋಗುವುದು ಹೊತ್ತು ಮುಳುಗಿದ ಮೇಲೆ, ಸುತ್ತಲಿನ ಗದ್ದೆಗೆ. ಭತ್ತ ಕೊಯ್ದ ಕೂಳೆ, ಉದುರಿದ ಕಾಳು, ಎಳೆ ಹುಲ್ಲು, ಕೆಲವೊಮ್ಮೆ ರೈತ ಆಗಷ್ಟೇ ಬಿತ್ತಿದ ಪೈರಿನ ಮೊಳಕೆ. ನಾವು ಕ್ಯಾಮೆರಾ ಹಿಡಿದು ಕೆರೆಯನ್ನು ನೋಡುತ್ತೇವೆ. ಹಕ್ಕಿಗೆ ಅನ್ನ ಹಾಕುವ ಗದ್ದೆ ನಮ್ಮ ಬೆನ್ನ ಹಿಂದೆ ಇರುತ್ತದೆ.

ಮೈಸೂರು ಸೀಮೆಯ ಹೆಸರಾದ ಹಕ್ಕಿ ತಾಣಗಳನ್ನು ಒಂದೊಂದಾಗಿ ನೋಡಿ, ಒಂದೂ ಬರೀ ಕಾಡಲ್ಲ. ಲಿಂಗಾಂಬುಧಿ 1828ರಲ್ಲಿ ಕಟ್ಟಿಸಿದ ಕೆರೆ. ಕುಕ್ಕರಹಳ್ಳಿ ಕೆರೆ ಮೈಸೂರಿನ ಅರಸು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಬೇಸಾಯದ ನೀರಿಗೆಂದು ಮಾಡಿಸಿದ್ದು. ಇವತ್ತು ಹೆಜ್ಜಾರ್ಲೆಗಳು ಅಲ್ಲಿ ಗೂಡು ಕಟ್ಟುತ್ತವೆ. ರಂಗನತಿಟ್ಟಿನ ತಿಟ್ಟುಗಳು ಕೂಡ 17ನೇ ಶತಮಾನದಲ್ಲಿ ಕಾವೇರಿಗೆ ಅಡ್ಡ ಕಟ್ಟಿದ ಒಡ್ಡಿನಿಂದ ಆದವು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿ ಅಲ್ಲಿನ ಗೂಡುಗಳನ್ನು ಕಂಡು ಅರಸರಿಗೆ ಹೇಳಿದರು, 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ಪಟ್ಟಿಗೆ ಸೇರಿ ರಾಮ್ಸರ್ ತಾಣವೂ ಆಯಿತು. ಗದಗದ ಮಾಗಡಿ ಕೆರೆಗೂ ಹೆಬ್ಬಾತುಗಳಿಂದಾಗಿ ಹೆಸರು, 2024ರಲ್ಲಿ ಅದಕ್ಕೂ ಆ ಮನ್ನಣೆ ಬಂತು. ಹದಿನಾರಿಗೆ ಅಂಥ ಬಿರುದಿಲ್ಲ. ಬಂದರೂ ಅದು ಕೆರೆಗೆ ಬರುತ್ತದೆ, ಗದ್ದೆಗಲ್ಲ.

ಮೆಡಿಟರೇನಿಯನ್‌ನಿಂದ ಕಲಿಯುವುದು ಈ ಗದ್ದೆಯ ವಿಷಯದಲ್ಲೇ ಇದೆ. ಸ್ಪೇನಿನ ಎಬ್ರೊ ನದಿ ಕಡಲು ಸೇರುವ ಮುಖಜಭೂಮಿ ಸುಮಾರು 320 ಚದರ ಕಿಲೋಮೀಟರ್. ಅದರ ಬಹುಪಾಲು ಭತ್ತದ ಗದ್ದೆ. ಮಂಡ್ಯದ ರೈತನನ್ನು ಕರೆದೊಯ್ದು ನಿಲ್ಲಿಸಿದರೆ ಊರು ಬಿಟ್ಟು ಬಂದ ಹಾಗನ್ನಿಸದು. 1983ರಲ್ಲಿ ಅಲ್ಲಿ ಪ್ರಾಕೃತಿಕ ಉದ್ಯಾನ ಘೋಷಣೆಯಾಯಿತು, ಆದರೆ ಬೇಸಾಯ ನಿಲ್ಲಲಿಲ್ಲ. ರಾಜಹಂಸ ನೋಡಲು ಪ್ರವಾಸಿಗರು ಬರುತ್ತಾರೆ, ಪಕ್ಕದಲ್ಲೇ ಕೊಯ್ಲು ನಡೆಯುತ್ತದೆ. ಕೊಯ್ಲಾದ ಮೇಲೂ ಚಳಿಗಾಲದಲ್ಲಿ ಗದ್ದೆಯಲ್ಲಿ ನೀರು ನಿಲ್ಲಿಸಿಕೊಳ್ಳುವ ರೈತನಿಗೆ ಯುರೋಪ್ ಒಕ್ಕೂಟದ ಯೋಜನೆಯಲ್ಲಿ ಹಣ ಕೊಡುತ್ತಾರೆ. ಕಾರಣ ಸರಳ: ಆ ನೀರಿನಲ್ಲಿ ಹಕ್ಕಿಗೆ ಮೇವು. ರೈತ ದಾನಶೂರನಾಗಬೇಕೆಂದು ಅಲ್ಲಿ ಯಾರೂ ಉಪದೇಶ ಮಾಡಲಿಲ್ಲ, ಲೆಕ್ಕ ಹಾಕಿ ಕೊಟ್ಟರು.

ನಮಗೂ ಈ ಲೆಕ್ಕ ಗೊತ್ತಿಲ್ಲದ್ದಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಅಂಗಳದ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರವರು ಹೇಳುತ್ತಾರೆ. ಆದರೆ ಗೂಡಿದ್ದ ಮರದ ಹುಣಸೆ ಬಡಿಯುವ ಹಾಗಿಲ್ಲ, ಕೆಳಗೆ ಹಿಕ್ಕೆಯ ನಾತ ಬೇರೆ. ಅದಕ್ಕೆ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ರೂಢಿ ಬಂತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಪ್ರೀತಿಯ ಮಾತು ಎಷ್ಟೇ ಇರಲಿ, ಹುಣಸೆಯ ನಷ್ಟ ನಷ್ಟವೇ ಎಂದು ಒಪ್ಪಿಕೊಂಡದ್ದು ಆ ಊರಿನ ವಿಷಯದಲ್ಲಿ ಮಾಡಿದ ಜಾಣತನ.

ಮರಕ್ಕೆ ಸಲ್ಲುವುದು ಗದ್ದೆಗೂ ಸಲ್ಲಬೇಕು. ಮೈಸೂರಿನ ಸುತ್ತ ಎಕರೆ ಲೆಕ್ಕದ ನೆಲ ಸೈಟಿನ ಲೆಕ್ಕಕ್ಕೆ ತಿರುಗುತ್ತಿರುವ ಈ ಕಾಲದಲ್ಲಿ ಭತ್ತ ಬಿಟ್ಟು ತೆಂಗು, ಅಡಿಕೆ ಹಾಕಿದ ರೈತನನ್ನಾಗಲಿ, ನೆಲವನ್ನೇ ಮಾರಿದವನನ್ನಾಗಲಿ ದೂರುವ ಹಕ್ಕು ನಗರದವರಾದ ನಮಗಿಲ್ಲ. ಆದರೆ ಅವನು ಗದ್ದೆ ಬಿಟ್ಟ ವರ್ಷ ಕೆರೆಯಲ್ಲಿ ನೀರು ತುಂಬಿದ್ದರೂ ಹೆಬ್ಬಾತಿಗೆ ರಾತ್ರಿಯೂಟ ಇರುವುದಿಲ್ಲ. ಒಂದು ಲೆನ್ಸಿಗೆ ಲಕ್ಷಗಟ್ಟಲೆ ಸುರಿಯುವ ನಮ್ಮ ಹವ್ಯಾಸದಿಂದ ಆ ರೈತನಿಗೆ ಒಂದು ಟೀ ಕಾಸೂ ಹೋಗುವುದಿಲ್ಲ ಎಂಬುದು ನಾಚಿಕೆಯ ಸಂಗತಿ. ಸಫಾರಿ ಜೀಪಿಗೆ ಟಿಕೆಟ್ ಕೊಡುವ ಸರ್ಕಾರ, ಪ್ಯಾಕೇಜ್ ಮಾರುವ ಪ್ರವಾಸ ಕಂಪನಿಗಳು, ಹಕ್ಕಿ ಸಂಘಗಳು ಮೂವರೂ ಕೂತು ಚಳಿಗಾಲದ ಭತ್ತದ ಬಯಲಿಗೆಂದು ಒಂದು ನಿಧಿ ಮಾಡುವುದು ಅಸಾಧ್ಯವೇನಲ್ಲ.

ಅದಾಗುವವರೆಗೆ, ಈ ಜನವರಿಯಲ್ಲಿ ಹದಿನಾರಿಗೆ ಹೋಗುವವರು ಏರಿಯ ಮೇಲೆಯೇ ನಿಲ್ಲಿ. ಹಾರುವ ಫೋಟೊ ಬೇಕೆಂದು ಕಲ್ಲೆಸೆಯಬೇಡಿ, ಡ್ರೋನ್ ಬಿಡಬೇಡಿ. ಬುತ್ತಿ ಕಟ್ಟಿಕೊಂಡು ಹೋಗದೆ ಊರಿನ ಹೋಟೆಲಿನಲ್ಲೇ ತಿಂಡಿ ತಿನ್ನಿ. ಗದ್ದೆಯಲ್ಲಿ ಯಾರಾದರೂ ಸಿಕ್ಕರೆ, ಈ ಸಲ ಭತ್ತ ಹೇಗೆ ಬಂತು ಎಂದು ಕೇಳಿ.