ಪುಷ್ಯರಾಗವೂ ಗುರುಬಲವೂ



ಜಯನಗರದ ನಾಲ್ಕನೆಯ ಬ್ಲಾಕಿನ ಆಭರಣದಂಗಡಿಗಳಲ್ಲಿ ‘ಗುರುಬಲಕ್ಕೆ ಪುಷ್ಯರಾಗ’ವೆಂಬ ಮಾತು ಇಂದಿಗೂ ಕೇಳಿಬರುತ್ತದೆ. ಮಗಳಿಗೆ ಕಂಕಣಬಲ ಕೂಡಿಬರಲೆಂದು ಸಾಲಮಾಡಿಯಾದರೂ ಆ ಹಳದಿ ಕಲ್ಲನ್ನು ಕೊಳ್ಳುವ ಗೃಹಸ್ಥರು ನಮ್ಮಲ್ಲಿಯೂ ಉಂಟು. ಎದೆಯ ಮೇಲೆ ಇಷ್ಟಲಿಂಗ, ತೋರುಬೆರಳಿನಲ್ಲಿ ಬೃಹಸ್ಪತಿ! ತಿಥಿ ವಾರ ನಕ್ಷತ್ರಗಳ ಭಯವನ್ನು ಶರಣರು ಬಿಡಿಸಿಹೋದ ಮೇಲೆ, ಲಿಂಗವನ್ನು ಕರಸ್ಥಲಕ್ಕಿತ್ತ ಗುರುವಿನ ಬಲವಲ್ಲದೆ ನಮಗೆ ಮತ್ತಾವ ಗುರುಬಲ?

ಆ ಕಲ್ಲಾದರೂ ಯಾವುದು? ಪುಷ್ಯರಾಗವೆಂಬ ಒಂದೇ ಹೆಸರಿನಲ್ಲಿ ಎರಡು ಕಲ್ಲುಗಳು ಮಾರಾಟವಾಗುತ್ತವೆ. ಸಿಂಹಳದಿಂದ ಬರುವುದು ಕುರಂದದ ಜಾತಿಯದು. ಮಾಣಿಕ್ಯ, ನೀಲಗಳ ಒಡಹುಟ್ಟು. ಬ್ರೆಜಿಲ್ ದೇಶದಲ್ಲಿ ಹೇರಳವಾಗಿ ದೊರೆಯುವ ಟೋಪಾಜ್ ಬೇರೆಯೇ ಖನಿಜ. ಕಾಠಿಣ್ಯದಲ್ಲಿ ಮೊದಲನೆಯದಕ್ಕೆ 9, ಎರಡನೆಯದಕ್ಕೆ 8 ಅಂಕ. ಬೆಲೆಯ ಅಂತರವೋ ಬಹಳ ದೊಡ್ಡದು. ಟೋಪಾಜ್ ಗಟ್ಟಿಯೆನಿಸಿದರೂ ಒಂದು ಮಗ್ಗುಲಿಗೆ ಪೆಟ್ಟು ಬಿದ್ದರೆ ನುಣ್ಣಗೆ ಸೀಳಿಹೋಗುವುದು. ಶುದ್ಧವಾಗಿದ್ದರೆ ಎರಡಕ್ಕೂ ಬಣ್ಣವೇ ಇಲ್ಲ. ಕುರಂದಕ್ಕೆ ಲೇಶಮಾತ್ರ ಕಬ್ಬಿಣ ಸೇರಿದರೆ ಹಳದಿ, ಕ್ರೋಮಿಯಂ ಸೇರಿದರೆ ಮಾಣಿಕ್ಯದ ಕೆಂಪು. ಅಂಗಡಿಯ ನೀಲಿ ಟೋಪಾಜುಗಳಲ್ಲಿ ಬಹುಪಾಲು, ಬಣ್ಣವಿಲ್ಲದ ಕಲ್ಲಿಗೆ ವಿಕಿರಣವನ್ನೂ ಶಾಖವನ್ನೂ ಕೊಟ್ಟು ಮಾಡಿದವು. ಕಲ್ಲಿನ ಬಣ್ಣವನ್ನೇ ಮನುಷ್ಯನು ಬದಲಿಸುತ್ತಿರುವಾಗ, ಅದು ಅವನ ಹಣೆಬರಹವನ್ನು ತಿದ್ದುವುದೆಂತು?

ಹಾಗೆಂದು ರತ್ನದ ಚೆಲುವನ್ನು ಹಳಿಯಬೇಕಾಗಿಲ್ಲ. ಒಳ್ಳೆಯ ನುಡಿಗೆ ಮುತ್ತು, ಮಾಣಿಕ್ಯ, ಸ್ಫಟಿಕಗಳನ್ನು ಉಪಮಾನವಾಗಿ ತಂದವರು ಬಸವಣ್ಣನವರೇ. ಕಣ್ಣಿಗೆ ಸೊಗಸೆಂದು, ಕಾಯಕದ ಹಣದಿಂದ ಕೊಳ್ಳುವವರು ಕೊಳ್ಳಲಿ. ಕೊಳ್ಳುವಾಗ ಅದು ಕುರಂದವೋ ಟೋಪಾಜೋ ಎಂಬುದನ್ನು ರಸೀದಿಯಲ್ಲಿ ಬರೆಸಿಕೊಳ್ಳಲಿ.