ಹಸಿವು ಸುಮ್ಮನಿರುವ ವರ್ಷ

ತೂಕ ಇಳಿಸುವ ಶಸ್ತ್ರಚಿಕಿತ್ಸೆ, ಆಸ್ಪತ್ರೆಯ ಭಾಷೆಯಲ್ಲಿ ಬೇರಿಯಾಟ್ರಿಕ್ ಸರ್ಜರಿ, ಈಗ ಮುಖ್ಯವಾಗಿ ಎರಡು ಬಗೆಯಲ್ಲಿ ನಡೆಯುತ್ತದೆ. ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಕಿರಿದಾದ ಕೊಳವೆಯಾಗಿ ಹೊಲಿಯುತ್ತಾರೆ. ಬೈಪಾಸ್ ವಿಧಾನದಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚೀಲವೊಂದನ್ನು ಬೇರ್ಪಡಿಸಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಮೇಸನ್ 1966ರಲ್ಲಿ ಆರಂಭಿಸಿದ ಈ ಬೈಪಾಸ್ ಇಂದು ಬೆಂಗಳೂರಿನ ಹೆಬ್ಬಾಳ, ಯಶವಂತಪುರ, ಯಲಹಂಕದ ದೊಡ್ಡ ಆಸ್ಪತ್ರೆಗಳವರೆಗೂ ಬಂದಿದೆ. ಸಣ್ಣ ರಂಧ್ರಗಳ ಮೂಲಕವೇ ಕೆಲಸ ಮುಗಿದು ಎರಡು ಮೂರು ದಿನಗಳಲ್ಲಿ ರೋಗಿ ಮನೆಗೆ ಮರಳುತ್ತಾರೆ. ಮನೆಯಲ್ಲಿ ಶುರುವಾಗುವ ಭಾಗಕ್ಕೆ ಮಾತ್ರ ಮುಗಿಯುವ ದಿನವಿಲ್ಲ. ಅದನ್ನು ಶಿಸ್ತು ಎಂಬ ಒಂದೇ ಮಾತಿನಲ್ಲಿ ಹೇಳಿ ಕಳಿಸುವುದು ವಾಡಿಕೆ. ಆ ಶಿಸ್ತು ಎಂಥದು, ಅದರ ಹೊಣೆ ಯಾರದು, ಅದು ತಪ್ಪಿದಾಗ ಯಾರನ್ನು ಕೇಳಬೇಕು ಎಂಬುದು ವೈದ್ಯಕ್ಕೆ ಎಷ್ಟೋ ನೀತಿವಿಚಾರಕ್ಕೂ ಅಷ್ಟೇ ಸೇರಿದ ಪ್ರಶ್ನೆ.

ಈ ಪ್ರಶ್ನೆಯ ತೊಡಕು ವಿಮೆಯ ನಿಯಮದಲ್ಲಿಯೇ ಕಾಣುತ್ತದೆ. ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರದ ಪ್ರಕಾರ ಆರೋಗ್ಯ ವಿಮೆ ಈ ಶಸ್ತ್ರಚಿಕಿತ್ಸೆಯ ವೆಚ್ಚ ಭರಿಸಲು ರೋಗಿಗೆ 18 ವರ್ಷ ತುಂಬಿರಬೇಕು. ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಬಿಎಂಐ 40 ಅಥವಾ ಹೆಚ್ಚಿರಬೇಕು. 35 ಮುಟ್ಟಿದ್ದರೆ ಜೊತೆಗೆ ಹತೋಟಿಗೆ ಬಾರದ ಮಧುಮೇಹ, ಹೃದ್ರೋಗ ಅಥವಾ ನಿದ್ರೆಯಲ್ಲಿ ಉಸಿರು ಕಟ್ಟುವಂಥ ತೀವ್ರ ತೊಂದರೆ ಇರಬೇಕು, ಇತರ ಸರಳ ಕ್ರಮಗಳು ಫಲ ಕೊಡದೆ ಹೋಗಿರಬೇಕು. ಅಂದರೆ ಬಿಎಂಐ 40 ಮುಟ್ಟದವರಲ್ಲಿ ಪಥ್ಯ ಮತ್ತು ವ್ಯಾಯಾಮದಲ್ಲಿ ಸೋತವರಿಗಷ್ಟೇ ಈ ಬಾಗಿಲು ತೆರೆಯುತ್ತದೆ. ಚಿಕಿತ್ಸೆ ಮುಗಿಸಿ ಹೊರಬಂದವರ ಕೈಗೆ ಕೊಡುವ ಚೀಟಿಯಲ್ಲಿ ಬರೆದಿರುವುದೂ ಪಥ್ಯ ಮತ್ತು ವ್ಯಾಯಾಮವೇ, ಅದೂ ಮೊದಲಿಗಿಂತ ಕಟ್ಟುನಿಟ್ಟಾಗಿ, ಬದುಕಿರುವಷ್ಟು ಕಾಲ. ಹಿಂದಿನ ಸೋಲಿಗೆ ಮನೋಬಲದ ಕೊರತೆಯೇ ಕಾರಣವಾಗಿದ್ದರೆ ಕತ್ತರಿ ಅದನ್ನು ತುಂಬಿಕೊಡಲಾರದು. ಕಾರಣ ಅದಲ್ಲವಾದರೆ ಮತ್ತೆ ಮನೋಬಲವನ್ನೇ ಬೇಡುವುದು ಏಕೆ?

ಕಾರಣ ಅದಲ್ಲ ಎನ್ನಲು ಸಾಕಷ್ಟು ಆಧಾರವಿದೆ. ಅಮೆರಿಕದ ಮಿನೆಸೋಟದಲ್ಲಿ 1944–45ರಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗದಲ್ಲಿ 36 ಮಂದಿ ಆರೋಗ್ಯವಂತ ಯುವಕರು ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಮತ್ತೆ ಬೇಕಾದಷ್ಟು ಊಟ ಸಿಕ್ಕಿದ ಮೇಲೂ ಹಲವರ ಹಸಿವು ತಿಂಗಳುಗಟ್ಟಲೆ ತಣಿಯಲಿಲ್ಲ. ಅವರಲ್ಲಿ ಯಾರೂ ಹೊಟ್ಟೆಬಾಕರಾಗಿರಲಿಲ್ಲ. ಕಳೆದುಕೊಂಡ ಕೊಬ್ಬನ್ನು ದೇಹ ವಾಪಸು ಕೇಳುತ್ತದೆ. ಕೇಳುವ ಬಗೆಯೂ ನಿಧಾನವಾಗಿ ತಿಳಿದುಬಂತು. ಕೊಬ್ಬಿನ ಸಂಗ್ರಹವನ್ನು ಮೆದುಳಿಗೆ ತಿಳಿಸುವ ಲೆಪ್ಟಿನ್ 1994ರಲ್ಲಿ ಪತ್ತೆಯಾಯಿತು, ಹಸಿವನ್ನು ಎಬ್ಬಿಸುವ ಗ್ರೆಲಿನ್ 1999ರಲ್ಲಿ. ಬರೀ ಪಥ್ಯದಿಂದ ತೂಕ ಇಳಿಸಿದವರಲ್ಲಿ ಗ್ರೆಲಿನ್ ಏರುತ್ತದೆ. ಅದು ಹೆಚ್ಚಾಗಿ ಹುಟ್ಟುವ ಜಠರದ ಭಾಗವನ್ನೇ ಸ್ಲೀವ್ ಚಿಕಿತ್ಸೆ ತೆಗೆದುಹಾಕುತ್ತದೆ. ಬೈಪಾಸ್ ಆದವರಲ್ಲಿ ಊಟದ ನಂತರ ತೃಪ್ತಿಯನ್ನು ತಿಳಿಸುವ ಜಿಎಲ್‌ಪಿ-1ನಂಥ ಹಾರ್ಮೋನುಗಳು ಹೆಚ್ಚುತ್ತವೆ. ಹಾಗಾಗಿ ಈ ಚಿಕಿತ್ಸೆಯನ್ನು ಸೋಮಾರಿಗಳ ಅಡ್ಡದಾರಿ ಎನ್ನುವ ಮಾತು ಕ್ರೂರವೂ ಹೌದು, ತಪ್ಪೂ ಹೌದು.

ಇದರ ಎದುರಿಗಿರುವ ನಂಬಿಕೆಯೂ, ಅಂದರೆ ಆಪರೇಷನ್ ಆಯಿತು, ಇನ್ನು ಹೊಟ್ಟೆಯೇ ನೋಡಿಕೊಳ್ಳುತ್ತದೆ ಎಂಬ ನಿರಾಳತೆಯೂ, ನಿಲ್ಲುವುದಿಲ್ಲ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೀರ್ಘ ಅಧ್ಯಯನ ಈ ವಿಷಯದಲ್ಲಿ ಅತ್ಯಂತ ನೆಚ್ಚಬಹುದಾದ ದಾಖಲೆಗಳಲ್ಲಿ ಒಂದು. ಬೈಪಾಸ್ ಆದವರು ಒಂದೆರಡು ವರ್ಷಗಳಲ್ಲಿ ಸರಾಸರಿ ಶೇ. 32ರಷ್ಟು ತೂಕ ಕಳೆದುಕೊಂಡಿದ್ದರು. ಹತ್ತು ವರ್ಷಕ್ಕೆ ಅದು ಶೇ. 25ಕ್ಕೆ ಬಂದು ನಿಂತಿತು. ಶಸ್ತ್ರಚಿಕಿತ್ಸೆ ಆದವರ ಗುಂಪಿನಲ್ಲಿ ಸಾವು ಕಡಿಮೆಯಿತ್ತು, ಆದ್ದರಿಂದ ಲಾಭ ನಿಜ. ಆದರೆ ಒಂದೆರಡು ವರ್ಷದ ನಂತರ ತೂಕದ ಗೆರೆ ಮೇಲಕ್ಕೆ ಬಾಗುತ್ತದೆ. ಹಸಿವು ತಿರುಗಿ ಬರುತ್ತದೆ, ಹೊಸ ಹೊಟ್ಟೆಗೆ ಒಂದಿಷ್ಟು ಸಡಿಲ ಬರುತ್ತದೆ.

ಶಿಸ್ತಿನ ಸ್ವರೂಪ ತಿಳಿಯುವುದು ಈ ಬಾಗುವಿಕೆಯ ಬಳಿ. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಏಳನೆಯ ಭಾಗದಲ್ಲಿ ಇಬ್ಬರನ್ನು ಬೇರೆ ಮಾಡುತ್ತಾನೆ: ಆಸೆ ಎಳೆಯುತ್ತಿದ್ದರೂ ತಡೆದುಕೊಳ್ಳುವವನು ಒಬ್ಬ, ಆಸೆಯೇ ಹದಕ್ಕೆ ಬಂದಿರುವವನು ಇನ್ನೊಬ್ಬ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ವರ್ಷದಲ್ಲಿ ರೋಗಿ ಎರಡನೆಯವನಂತೆ ಕಾಣುತ್ತಾನೆ. ನಾಲ್ಕು ತುತ್ತಿಗೆ ಸಾಕೆನಿಸುತ್ತದೆ, ಸಿಹಿ ಕಂಡರೂ ಕೈ ಹೋಗುವುದಿಲ್ಲ, ತಿಂಗಳು ತಿಂಗಳಿಗೆ ಬಟ್ಟೆ ಸಡಿಲವಾಗುತ್ತದೆ. ಸುತ್ತಲಿನವರು ಅದನ್ನು ಸಂಯಮವೆಂದು ಹೊಗಳುತ್ತಾರೆ, ರೋಗಿಯೂ ನಂಬುತ್ತಾನೆ. ಆದರೆ ಆ ಸಂಯಮ ಎರವಲು ಬಂದದ್ದು, ಗಳಿಸಿದ್ದಲ್ಲ. ಹಸಿವೇ ಇಲ್ಲದವನು ಉಣ್ಣದಿರುವುದರಲ್ಲಿ ಗುಣದ ಪರೀಕ್ಷೆ ಇಲ್ಲ. ಅದರ ಬೆಲೆ ಬೇರೆಡೆ ಇದೆ: ಹಿಂದೆಂದೂ ಸಿಗದಿದ್ದ ಬಿಡುವು ಅಲ್ಲಿ ಸಿಗುತ್ತದೆ. ಹಸಿವಿನೊಂದಿಗೆ ಹೋರಾಡುತ್ತ ಹೊಸ ಅಭ್ಯಾಸ ಕಟ್ಟುವುದು ಬಹುಪಾಲು ಜನರಿಗೆ ಆಗದ ಕೆಲಸ, ಹಸಿವು ಸುಮ್ಮನಿರುವಾಗ ಅದು ಆಗಬಹುದು. ಶಸ್ತ್ರಚಿಕಿತ್ಸೆಯ ನಂತರ ಬೇಕಾದದ್ದು ಹೆಚ್ಚಿನ ಮನೋಬಲವಲ್ಲ, ಮನೋಬಲದ ಅಗತ್ಯವನ್ನೇ ಕಡಿಮೆ ಮಾಡುವ ಏರ್ಪಾಡು. ಆ ಏರ್ಪಾಡಿಗೆ ಕಾಲ ಈ ಒಂದು, ಒಂದೂವರೆ ವರ್ಷ.

ಕನ್ನಡದ ಮನೆಗಳಿಗೆ ಪಥ್ಯವಾಗಲಿ ವ್ರತವಾಗಲಿ ಹೊಸತಲ್ಲ. ಆದರೆ ಅವೆಲ್ಲಕ್ಕೂ ಒಂದು ಕೊನೆ ಇರುತ್ತದೆ. ಬಾಣಂತಿಯ ಪಥ್ಯಕ್ಕೆ ಇಷ್ಟು ತಿಂಗಳೆಂದು ಇದೆ, ಕಾಮಾಲೆಯ ಪಥ್ಯ ಕಣ್ಣು ತಿಳಿಯಾದ ಮೇಲೆ ಮುಗಿಯುತ್ತದೆ, ಹದಿನಾರು ಸೋಮವಾರದ ವ್ರತಕ್ಕೆ ಉದ್ಯಾಪನೆ ಇದೆ. ಕೊನೆ ಗೊತ್ತಿರುವುದರಿಂದಲೇ ಜನ ಕಠಿಣ ನಿಯಮವನ್ನೂ ನಡೆಸಿಬಿಡುತ್ತಾರೆ. ಅದೇ ಹುರುಪಿನಲ್ಲಿ ಶಸ್ತ್ರಚಿಕಿತ್ಸೆಯ ಪಥ್ಯವನ್ನೂ ಹಿಡಿದವರು ವರ್ಷ ತುಂಬಿ ತೂಕ ಇಳಿದಾಗ ಉದ್ಯಾಪನೆಯಾಯಿತೆಂದು ಭಾವಿಸುವುದು ಸಹಜ. ಇಲ್ಲಿ ಬೇಕಾಗಿರುವುದು ವ್ರತನಿಷ್ಠೆಯಲ್ಲ, ಹಲ್ಲುಜ್ಜುವಂಥ ದಿನಚರಿ. ಅದಕ್ಕೆ ಹುರುಪೂ ಬೇಡ, ಹೊಗಳಿಕೆಯೂ ಬೇಡ.

ಉತ್ತರ ಬೆಂಗಳೂರಿನ ಊಟದಲ್ಲಿ ಈ ದಿನಚರಿ ಮೊದಲು ಎದುರಾಗುವುದು ಮುದ್ದೆಯನ್ನು. ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಯಲಹಂಕದ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿ ಬೆಳೆದವರ ಗಂಟಲು ಇದನ್ನು ಬಾಲ್ಯದಲ್ಲೇ ಕಲಿತಿರುತ್ತದೆ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ನಿಯಮವೋ ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕೆಂಬುದು. ನುಂಗಿದ ಉಂಡೆ ಕಿರಿದಾದ ದಾರಿಯಲ್ಲಿ ಸಿಕ್ಕಿಕೊಂಡರೆ ಎದೆ ಬಿಗಿದು ವಾಂತಿಯಾಗುತ್ತದೆ. ರಾಗಿಯದೇನೂ ತಪ್ಪಿಲ್ಲ. ನೂರು ಗ್ರಾಂ ಹಿಟ್ಟಿನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಮೊದಲ ವಾರಗಳ ದ್ರವಾಹಾರದಲ್ಲಿ ತೆಳು ಅಂಬಲಿಗೂ ಜಾಗವಿದೆ. ಬದಲಾಗಬೇಕಾದದ್ದು ಉಣ್ಣುವ ರೀತಿ, ಅದು ಧಾನ್ಯ ಬದಲಿಸುವುದಕ್ಕಿಂತ ಕಷ್ಟ.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕೆಂಬುದು ಎರಡನೆಯ ನಿಯಮ. ಅಂಗೈಯಷ್ಟು ಜಾಗವಿರುವ ಹೊಟ್ಟೆಯಲ್ಲಿ ಅದು ಸುಲಭವಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಸಸ್ಯಾಹಾರಿಗೆ ಕಾಳು, ಬೇಳೆ, ಪನೀರು, ಮೊಸರೇ ಗತಿ. ಇಲ್ಲಿ ಈ ಊರಿನದೇ ಒಂದು ಅನುಕೂಲವಿದೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಹೆಬ್ಬಾಳ ಅವರೆ ತಳಿಗಳು ಚಳಿಗಾಲಕ್ಕೆ ಕಾಯದೆ ಬೇರೆ ಋತುಗಳಲ್ಲೂ ಕಾಯಿ ಕೊಡುತ್ತವೆ. ಸಿಪ್ಪೆ ತೆಗೆದ ಹಿದುಕಿದ ಬೇಳೆ ಮೆತ್ತಗೆ ಬೇಯುತ್ತದೆ, ಚೆನ್ನಾಗಿ ಅಗಿಯಲು ಬರುತ್ತದೆ. ಹಿದುಕಿದ ಬೇಳೆಯ ಸಾರು, ಹುರುಳಿಕಾಳಿನ ಬಸ್ಸಾರಿನ ಪಲ್ಯ, ಹೆಸರುಬೇಳೆ ಕೋಸಂಬರಿ ಮೊದಲು, ಹೊಟ್ಟೆಯಲ್ಲಿ ಜಾಗ ಉಳಿದರೆ ಅನ್ನ ಎಂಬ ಕ್ರಮಕ್ಕೆ ಅಡುಗೆ ಬದಲಾಗಬೇಕಿಲ್ಲ, ಬಡಿಸುವ ಸರದಿ ಬದಲಾದರೆ ಸಾಕು.

ದರ್ಶಿನಿಯ ವಿಷಯ ಬೇರೆ. ನಿಂತು, ಐದು ನಿಮಿಷದಲ್ಲಿ ಖಾರಾಬಾತ್ ಮುಗಿಸಿ, ನೀರು ಕುಡಿದು, ಮೇಲೊಂದು ಕಾಫಿ ಹಾಕುವ ಕ್ರಮ ಹೊಸ ಹೊಟ್ಟೆಯ ಪ್ರತಿ ನಿಯಮವನ್ನೂ ಮುರಿಯುತ್ತದೆ. ಊಟಕ್ಕೆ ಅರ್ಧ ಗಂಟೆ ಬೇಕು, ನೀರು ಊಟದ ಜೊತೆ ಬೇಡ, ಅರ್ಧ ಗಂಟೆ ಕಳೆದ ಮೇಲೆ ಗುಟುಕು ಗುಟುಕಾಗಿ. ಊಟದ ಬೆನ್ನಿಗೇ ಕುಡಿದ ಕಾಫಿ ಕಬ್ಬಿಣದ ಅಂಶ ಮೈಗೆ ಹತ್ತುವುದನ್ನು ಕಡಿಮೆ ಮಾಡುತ್ತದೆ. ಜಠರದ ಅರ್ಧ ಘನಕ್ಕೆ, ಕಾಲು ದ್ರವಕ್ಕೆ, ಕಾಲು ಖಾಲಿ ಎಂದು ವಾಗ್ಭಟನ ಅಷ್ಟಾಂಗಹೃದಯ ಹೇಳುವ ಲೆಕ್ಕ ಇಡೀ ಜಠರ ಇರುವವರಿಗೆ ಹೇಳಿದ್ದು. ಇಲ್ಲಿ ಘನವೂ ದ್ರವವೂ ಒಟ್ಟಿಗೆ ಕೂರುವಂತಿಲ್ಲ. ಸಾಕೆಂಬ ಸೂಚನೆಯೂ ಬೇರೆ ರೂಪದಲ್ಲಿ ಬರುತ್ತದೆ: ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಮೂಗು ಸೋರುವುದು, ಕೆಲವರಿಗೆ ಎದೆಯ ನಡುವೆ ಒತ್ತಡ. ಅದನ್ನು ಗುರುತಿಸಲು ಕಲಿಯುವುದೇ ಒಂದು ವಿದ್ಯೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಸದ್ದಿಲ್ಲದೆ ಇಳಿದುಹೋಗುವ ತಿಂಡಿಗಳದು. ಕಿರಿದಾದ ಜಠರ ಕೋಳಿಯ ತುಂಡನ್ನು, ಕಾಳನ್ನು ತಡೆಯುತ್ತದೆ. ಐಸ್‌ಕ್ರೀಮನ್ನು, ಮಿಲ್ಕ್‌ಶೇಕನ್ನು, ಬಾಯಲ್ಲೇ ಪುಡಿಯಾಗುವ ಮಿಕ್ಸ್‌ಚರನ್ನು ತಡೆಯುವುದಿಲ್ಲ. ನೂರು ಗ್ರಾಂ ಮಿಕ್ಸ್‌ಚರಿನಲ್ಲಿ ಸುಮಾರು 500 ಕ್ಯಾಲೊರಿ ಇದೆ. ಸಂಜೆಯ ಟಿವಿಯ ಮುಂದೆ ಅದು ಹೊಟ್ಟೆ ತುಂಬಿದ ಭಾವವನ್ನೇ ಕೊಡದೆ ಮುಗಿಯುತ್ತದೆ. ಆರ್.ಟಿ. ನಗರದಲ್ಲಾಗಲಿ ಯಶವಂತಪುರದಲ್ಲಾಗಲಿ ಬೇಕರಿ ಇಲ್ಲದ ಬೀದಿ ಅಪರೂಪ. ಇಲ್ಲಿ ಕತ್ತರಿ ಯಾವ ಸಹಾಯವನ್ನೂ ಮಾಡುವುದಿಲ್ಲ, ತಿಂಡಿಯ ಡಬ್ಬ ಮನೆಯಲ್ಲಿದೆಯೇ ಇಲ್ಲವೇ ಎಂಬುದೇ ನಿರ್ಣಾಯಕ. ಮದ್ಯದ ಬಗ್ಗೆ ಇನ್ನೂ ಎಚ್ಚರ ಬೇಕು. ಬೈಪಾಸ್ ಆದವರಿಗೆ ಅದು ಬೇಗ ಏರುತ್ತದೆ, ಶಸ್ತ್ರಚಿಕಿತ್ಸೆಯ ಎರಡನೆಯ ವರ್ಷದಲ್ಲಿ ಕುಡಿತದ ಚಟ ಹೆಚ್ಚುವುದು ದಾಖಲಾಗಿದೆ.

ವ್ಯಾಯಾಮದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿದೆ, ಅದು ತೂಕ ಇಳಿಸಲು ಎಂಬುದು. ಮೊದಲ ವರ್ಷದಲ್ಲಿ ತೂಕ ಹೇಗೂ ಇಳಿಯುತ್ತದೆ, ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ವ್ಯಾಯಾಮ ಆ ಸ್ನಾಯುವನ್ನು ಉಳಿಸಲು, ಮುಂದೆ ತೂಕ ಏರದಂತೆ ಹಿಡಿಯಲು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ವಾರಕ್ಕೆ 150 ನಿಮಿಷ ಇಲ್ಲಿ ಆರಂಭ ಮಾತ್ರ. ನಡಿಗೆಯ ಜೊತೆ, ವೈದ್ಯರು ಒಪ್ಪಿದ ಮೇಲೆ, ಭಾರ ಎತ್ತುವ, ಕೂತು ಏಳುವ ಕಸರತ್ತೂ ಬೇಕು. ಯಲಹಂಕ, ಜಕ್ಕೂರು, ರಾಚೇನಹಳ್ಳಿ ಕೆರೆಗಳ ಏರಿಯ ಮೇಲೆ ನಡೆಯುವವರಿಗೆ ನಗರದ ಈ ಭಾಗ ಉದಾರವಾಗಿದೆ. ಆದರೆ ಯಲಹಂಕ ಉಪನಗರದಿಂದ ಪೀಣ್ಯದ ಕಾರ್ಖಾನೆಗೋ ಮಾನ್ಯತಾ ಟೆಕ್ ಪಾರ್ಕಿಗೋ ಹೋಗಿಬರುವವರ ಹೊತ್ತನ್ನು ವಾಹನದಟ್ಟಣೆ ತಿನ್ನುತ್ತದೆ. ಬೆಂಗಳೂರಿನ ಪಾಲಿಕೆ ಉದ್ಯಾನಗಳನ್ನು ಬೆಳಗಿನ 5ರಿಂದ ರಾತ್ರಿ 10ರವರೆಗೆ ತೆರೆದಿಡಲು 2024ರಲ್ಲಿ ಆದ ತೀರ್ಮಾನ ಅಂಥವರ ಶಿಸ್ತಿಗೆ ಯಾವ ಉಪದೇಶಕ್ಕಿಂತ ಹೆಚ್ಚು ನೆರವಾಗಬಲ್ಲದು. ಶಿಸ್ತು ವ್ಯಕ್ತಿಯೊಬ್ಬನೊಳಗೆ ಇರುವ ವಸ್ತುವಲ್ಲ, ಗೇಟು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬುದರಲ್ಲೂ ಅದು ಇದೆ.

ಮನೆಯಲ್ಲೂ ಇದೆ. ಅಡುಗೆ ಮಾಡುವವರೇ ಚಿಕಿತ್ಸೆ ಮಾಡಿಸಿಕೊಂಡವರಾದರೆ, ಬಹಳ ಮನೆಗಳಲ್ಲಿ ಆಕೆ ದಿನವಿಡೀ ಎಲ್ಲರಿಗಾಗಿ ರುಚಿ ನೋಡಿ, ಎಲ್ಲರದೂ ಮುಗಿದ ಮೇಲೆ ಮಿಕ್ಕಿದ್ದನ್ನು ಉಣ್ಣುತ್ತಾಳೆ. ಅವಳ ಊಟಕ್ಕೆ ಹೊತ್ತು ಮತ್ತು ಜಾಗ ಮಾಡಿಕೊಡದೆ ಶಿಸ್ತು ಕೇಳುವುದು ಅನ್ಯಾಯ. ಬೀಗರ ಊಟದಲ್ಲಿ, ಗೃಹಪ್ರವೇಶದಲ್ಲಿ ‘ಇನ್ನೊಂದೇ ಒಂದು ಹೋಳಿಗೆ, ನಮಗೋಸ್ಕರ’ ಎನ್ನುವ ಉಪಚಾರ ಪ್ರೀತಿಯಿಂದ ಬಂದದ್ದು, ಬೇಡವೆಂದರೆ ಆ ಪ್ರೀತಿಯನ್ನೇ ತಳ್ಳಿದಂತಾಗುತ್ತದೆ. ಬೈಪಾಸ್ ಆದವರಿಗೆ ಆ ಸಿಹಿ ಕರುಳಿಗೆ ಒಮ್ಮೆಲೇ ಇಳಿದು ಬೆವರು, ಎದೆಬಡಿತ, ಭೇದಿ ತರಬಹುದು. ಬೇಡವೆನ್ನುವ ಭಾರವನ್ನೆಲ್ಲ ಉಣ್ಣುವವರ ಮೇಲೆ ಹೊರಿಸದೆ, ಬಡಿಸುವವರು ಒಮ್ಮೆ ಕೇಳಿ ಸುಮ್ಮನಾಗುವ ರೂಢಿ ಬೆಳೆಯಬೇಕು.

ಹಾಗಾದರೆ ರೋಗಿಗೆ ಹೊಣೆಯೇ ಇಲ್ಲವೇ? ಇದೆ, ಆದರೆ ತಪ್ಪು ಹೊರಿಸುವುದು ಬೇರೆ, ಹೊಣೆ ಬೇರೆ. ತಿಂಡಿಯ ಡಬ್ಬವನ್ನು ಮನೆಗೆ ತರದಿರುವುದು, ನಡಿಗೆಗೆ ಹೊತ್ತು ಗೊತ್ತುಮಾಡುವುದು, ಮಾತ್ರೆ ಬಿಡದಿರುವುದು, ತಪಾಸಣೆಗೆ ಹೋಗುವುದು ರೋಗಿಯ ಕೈಯಲ್ಲಿದೆ. ತೂಕದ ಯಂತ್ರ ತೋರಿಸುವ ಅಂಕಿ ಪೂರ್ತಿಯಾಗಿ ಅವರ ಕೈಯಲ್ಲಿಲ್ಲ. ತೂಕ ಮರಳುವುದಕ್ಕೆ ಹಿಗ್ಗಿದ ಚೀಲ, ಇನ್ಸುಲಿನ್, ಸ್ಟೀರಾಯ್ಡ್, ಕೆಲವು ಮಾನಸಿಕ ಔಷಧಗಳು, ಖಿನ್ನತೆ, ಬಸುರು ಹೀಗೆ ಹಲವು ಕಾರಣಗಳಿವೆ. ಅವುಗಳಲ್ಲಿ ಬಹಳಷ್ಟಕ್ಕೆ ಪರಿಹಾರವೂ ಇದೆ. ಜಿಎಲ್‌ಪಿ-1 ಬಗೆಯ ಔಷಧಗಳನ್ನು ಈಗ ಇದಕ್ಕಾಗಿಯೂ ಕೊಡುತ್ತಾರೆ. ಆದರೆ ಐದಾರು ಕಿಲೋ ಏರಿದವರು ಬೈಗುಳಕ್ಕೆ ಹೆದರಿ ಆಸ್ಪತ್ರೆಗೆ ಹೋಗುವುದನ್ನೇ ನಿಲ್ಲಿಸುತ್ತಾರೆ, ಮಾತ್ರೆಗಳೂ ನಿಲ್ಲುತ್ತವೆ. ವಿಟಮಿನ್ ಬಿ12 ಹೀರಿಕೊಳ್ಳಲು ಜಠರ ನೀಡುವ ಸಹಾಯ ಶಸ್ತ್ರಚಿಕಿತ್ಸೆಯಿಂದ ಕುಗ್ಗಿರುತ್ತದೆ, ಸಸ್ಯಾಹಾರಿಗಳಲ್ಲಿ ಅದರ ಸಂಗ್ರಹ ಮೊದಲೇ ಕಡಿಮೆ. ಯಕೃತ್ತಿನಲ್ಲಿ ಉಳಿದದ್ದು ಕೆಲವು ವರ್ಷ ನಡೆಸುವುದರಿಂದ ಕೊರತೆ ತಡವಾಗಿ ಕಾಣುತ್ತದೆ, ಪಾದದಲ್ಲಿ ಜೋಮು, ನಡಿಗೆಯಲ್ಲಿ ತೂರಾಟ, ಮರೆವು. ರಕ್ತಪರೀಕ್ಷೆಯಲ್ಲಿ ಅದಕ್ಕೆ ಮೊದಲೇ ಸಿಕ್ಕಿದರೆ ಚುಚ್ಚುಮದ್ದು ಸಾಕು. ಬಹಳ ಕಾಲ ಬಿಟ್ಟರೆ ನರಗಳಿಗೆ ಆದ ಹಾನಿ ಪೂರ್ತಿಯಾಗಿ ಸರಿಹೋಗದೆಯೂ ಇರಬಹುದು.