ಅತಿಥಿಗೆ ಏನನ್ನು ತೋರಿಸಬೇಕು?

ಊರಿಗೆ ಬಂದ ಅತಿಥಿಗೆ ಏನನ್ನು ತೋರಿಸತಕ್ಕದ್ದು, ಏನನ್ನು ಉಣಿಸತಕ್ಕದ್ದು ಎಂಬುದು ಮೇಲುನೋಟಕ್ಕೆ ಅಲ್ಪವಿಷಯವಾಗಿ ಕಾಣುವುದು. ಆದರೆ ಅದರೊಳಗೊಂದು ಧರ್ಮಸೂಕ್ಷ್ಮವಿದೆ. ಅತಿಥಿಯನ್ನು ಸಂತೋಷಪಡಿಸುವುದು ಆತಿಥೇಯನ ಕರ್ತವ್ಯ; ಅವನಿಗೆ ಸತ್ಯವನ್ನು ನುಡಿಯುವುದೂ ಕರ್ತವ್ಯವೇ. ಇವೆರಡೂ ಬೇರೆಬೇರೆ ದಾರಿ ಹಿಡಿದಾಗ ಯಾವುದನ್ನು ಅನುಸರಿಸಬೇಕು?

ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಗೃಹಸ್ಥನೊಬ್ಬನ ಮನೆಗೆ ಬೆಂಗಳೂರಿನಿಂದ ಬಂಧುಗಳು ಬಂದರೆನ್ನೋಣ. ಬೆಳಗಿನ ಫಲಾಹಾರಕ್ಕೆ ಬೆಣ್ಣೆದೋಸೆ, ಬಳಿಕ ದುಗ್ಗಮ್ಮನ ದರ್ಶನ, ಅಲ್ಲಿಂದ ಹರಿಹರ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದ ಹರಿಹರೇಶ್ವರಾಲಯವನ್ನೂ ತುಂಗಭದ್ರೆಯನ್ನೂ ನೋಡಿ ಮರಳಿದರೆ, ಸಂಜೆಗೆ ಕುಂದವಾಡದ ಕೆರೆಯ ಬಳಿ ತಿರುಗಾಟ, ಮಂಡಕ್ಕಿ, ಮಿರ್ಚಿ. ಬಂಧುಗಳು ತೃಪ್ತರಾಗುವುದರಲ್ಲಿ ಸಂದೇಹವಿಲ್ಲ.

ಆದರೆ ಆ ಮಂಡಕ್ಕಿ ಹುಟ್ಟುವುದು ಇದೇ ನಗರದ ಭಟ್ಟಿಗಳಲ್ಲಿ. ಕಾದ ಮರಳಿನ ಮುಂದೆ, ಹೊಗೆಯ ನಡುವೆ, ಬೆವರಿಳಿಸುತ್ತ ದುಡಿಯುವವರ ಕೇರಿ ನಮ್ಮ ದಿನಚರಿಯಲ್ಲಿಲ್ಲ. ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರೆಂಬ ಹೆಸರನ್ನು ತಂದ ಹತ್ತಿಯ ಗಿರಣಿಗಳು ಮುಚ್ಚಿಹೋದುವು; ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತುಹೋಯಿತು. ಅವುಗಳನ್ನು ನಂಬಿದ್ದ ಮನೆಗಳ ಕಥೆಯನ್ನೂ ನಾವು ಎತ್ತುವುದಿಲ್ಲ.

ಇದು ಮರೆಮಾಚುವುದಲ್ಲವೆ ಎಂದು ಕೇಳಿದರೆ ಕೆಲವರು ಹೀಗೆನ್ನುವರು: “ನೆಂಟರು ಬರುವಾಗ ಮನೆಯನ್ನು ಗುಡಿಸುವುದಿಲ್ಲವೆ? ಅದು ಮೋಸವೆ?” ಮಾತು ಚೆನ್ನಾಗಿದೆ, ಹೋಲಿಕೆ ಮಾತ್ರ ಸಲ್ಲದು. ಗುಡಿಸಿದರೆ ಕಸ ಹೋಗುತ್ತದೆ. ಅತಿಥಿಯನ್ನು ಬೇರೆ ಬೀದಿಯಿಂದ ಕರೆದೊಯ್ದರೆ ಹೊಗೆ ಹೋಗುವುದಿಲ್ಲ, ನಮ್ಮ ಕಣ್ಣಿಂದ ಮಾತ್ರ ಮರೆಯಾಗುತ್ತದೆ. ವರ್ಷಗಟ್ಟಲೆ ಪರರಿಗೆ ಮರೆಮಾಡಿದುದನ್ನು ಕಡೆಗೆ ನಾವೇ ಮರೆಯುತ್ತೇವೆ. ನಿಜವಾದ ಹಾನಿ ಇದು. ಅತಿಥಿಗಿಂತ ಹೆಚ್ಚಾಗಿ ಮೋಸಹೋಗುವವನು ಆತಿಥೇಯನೇ.

ಹಾಗೆಂದು ಬಂಧುಗಳನ್ನು ಭಟ್ಟಿಯ ಮುಂದೆ ನಿಲ್ಲಿಸಿ, ದುಡಿಯುವವರನ್ನು ನೋಟದ ವಸ್ತುವಾಗಿ ಮಾಡುವುದು ಇನ್ನೂ ದೊಡ್ಡ ತಪ್ಪು. ಅನ್ಯರ ಕಷ್ಟವು ಯಾತ್ರಾಸ್ಥಳವಲ್ಲ. ಮಾಡತಕ್ಕದ್ದು ಇಷ್ಟೆ: ಮಂಡಕ್ಕಿಯನ್ನು ಬಡಿಸುವಾಗ ಅದು ಎಲ್ಲಿಂದ, ಯಾರ ಕೈಯಿಂದ ಬಂದಿತೆಂಬುದನ್ನು ಸಹಜವಾಗಿ ಹೇಳುವುದು, ಮುಚ್ಚಿದ ಗಿರಣಿಯ ವಿಚಾರವನ್ನು ಕೇಳಿದರೆ ಮಾತನ್ನು ತಿರುಗಿಸದಿರುವುದು, ನೆಂಟರು ಹೋದಮೇಲೂ ಆ ಕೇರಿ ತನ್ನ ಊರಿನದೇ ಎಂದು ನೆನೆದು, ಅದರ ಹಿತಕ್ಕಾಗಿ ಪೌರನಾಗಿ ದನಿಯೆತ್ತುವುದು. ಇದರಿಂದ ಊಟದ ರುಚಿ ಕೆಡದು. ಉಣ್ಣುವವನ ಗೌರವ ಹೆಚ್ಚುವುದು.

ಬೆಣ್ಣೆದೋಸೆಯ ಮೂಲವನ್ನೇ ನೋಡಬಹುದು. 1928ರ ಸುಮಾರಿನಲ್ಲಿ ಬೆಳಗಾವಿಯ ಕಡೆಯಿಂದ ಮಕ್ಕಳೊಡನೆ ಬಂದ ಚೆನ್ನಮ್ಮನೆಂಬಾಕೆ ಜೀವನಕ್ಕಾಗಿ ಇಲ್ಲಿ ರಾಗಿದೋಸೆಯನ್ನು ಮಾಡಿ ಮಾರತೊಡಗಿದಳೆಂದೂ, ಅಕ್ಕಿ, ಉದ್ದು, ಮಂಡಕ್ಕಿಗಳ ಹಿಟ್ಟಿನ ದೋಸೆ ಅನಂತರ ಬಂದಿತೆಂದೂ ಹೇಳುವರು. ನಮ್ಮದೆಂದು ಹೆಮ್ಮೆಯಿಂದ ಬಡಿಸುವುದು ಹೊರಗಿನಿಂದ ಬಂದ ಹೆಂಗಸೊಬ್ಬಳ ದುಡಿಮೆಯ ಫಲ. ಅವಳ ಕಷ್ಟವನ್ನು ಕಥೆಯಾಗಿ ಹೇಳುವುದು ಸುಲಭ, ಏಕೆಂದರೆ ಅದು ಮುಗಿದುಹೋಗಿದೆ. ಇಂದಿಗೂ ಮುಗಿಯದಿರುವ ಕಷ್ಟವನ್ನು ಅದೇ ಗೌರವದಿಂದ ಹೇಳಬಲ್ಲವನೇ ಊರನ್ನು ತೋರಿಸಲು ಅರ್ಹನು.